ಕಿಟಕಿಯಾಚೆಯ ಉತ್ತರ

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅವನಿಗೆ ಮಗಳ ಜಡೆ ಹೆಣೆಯಲು ಬರುತ್ತಿರಲಿಲ್ಲ. ಹೆಂಡತಿ ಜ್ವರದಿಂದ ಮುಸುಕು ಹೊದ್ದು ಮಲಗಿದ್ದಳು.

"ಜಡೆ ಹೇಗಾದರೂ ಇರಲಿ, ಕಾಲಿನ ಪಟ್ಟಿ ಸರಿಯಾಗಿ ಕಟ್ಟಿ," ಎಂದಳು. "ಬಿಗಿ ಆಯ್ತಾ ಅಂತ ಅವಳನ್ನೇ ಕೇಳಿ."

"ಇವತ್ತೊಂದು ದಿನ ಮನೇಲೇ ಇರಲಿ ಬಿಡೆ."

"ಇವತ್ತು ಬಿಟ್ಟರೆ, ನಾಳೆಯೂ ಬರದಿದ್ದರೆ ಒಳ್ಳೇದು ಅಂತ ಶಿಶುವಿಹಾರದವರು ಅಂದ್ಕೊಳ್ತಾರೆ. ನಿಮಗೆ ಗೊತ್ತಿಲ್ಲ."

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮಗಳು ಹುಟ್ಟಿದಾಗಿನಿಂದ ಆಸ್ಪತ್ರೆ, ವ್ಯಾಯಾಮ, ಶಿಶುವಿಹಾರ ಎಲ್ಲವೂ ಹೆಂಡತಿಯ ಪಾಲಿಗೇ ಬಿದ್ದಿದ್ದವು. ಮಗಳ ಕಾಲು ಬಿಗಿ, ಮಾತು ನಿಧಾನ. ಒಂದು ಪದ ಹೊರಡಬೇಕಾದರೆ ಮೊದಲು ಕತ್ತು ಓರೆಯಾಗಬೇಕು, ತುಟಿ ತೆರೆದು ಮುಚ್ಚಿ ತೆರೆಯಬೇಕು, ಆಮೇಲೆ ಪದ. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಗುಬ್ಬಿಯನ್ನು ಶಿಶುವಿಹಾರಕ್ಕೆ ಸೇರಿಸಲು ಹೆಂಡತಿ ಅಲೆದ ಅಲೆದಾಟಕ್ಕೆ, ಆಡಿದ ಮಾತಿಗೆ, ಬೀದಿಯವರು ಅವಳಿಗೆ ಜಗಳಗಂಟಿ ಎಂದು ಹೆಸರಿಟ್ಟಿದ್ದರು. ಒಳಗೊಳಗೇ ಅವನೂ ಹೌದೆಂದುಕೊಂಡಿದ್ದ. ಗಿರಾಕಿಗಳು ಥಾನಿನ ಮೇಲೆ ಥಾನು ಬಿಚ್ಚಿಸಿ ಮೂಗು ಮುರಿದು ಎದ್ದು ಹೋದರೂ ನಗುತ್ತಲೇ ಮಡಿಚಿಡುವ ಮನುಷ್ಯ ಅವನು.

ಶಿಶುವಿಹಾರದ ಬಾಗಿಲಲ್ಲಿ ಟೀಚರ್ ನಗುತ್ತ ಗುಬ್ಬಿಯನ್ನು ಎತ್ತಿಕೊಂಡರು. ಇಷ್ಟಕ್ಕೆ ಹೆಂಡತಿ ಯಾಕೆ ದಿನಾ ಕಿತ್ತಾಡುತ್ತಾಳೋ ಎಂದುಕೊಳ್ಳುತ್ತ ಅವನು ಹೊರಟ. ಬೀದಿಯ ಕೊನೆ ಮುಟ್ಟಿದಾಗ, ಮಗಳ ನೀರಿನ ಬಾಟಲಿ ತನ್ನ ಹೆಗಲಲ್ಲೇ ಉಳಿದದ್ದು ಕಂಡು ಹಿಂತಿರುಗಿದ.

ಗುಬ್ಬಿ ವೆರಾಂಡದಲ್ಲಿದ್ದಳು. ಕಿಟಕಿಯ ಕೆಳಗೆ ಒಂದು ಕುರ್ಚಿ, ಅದರಲ್ಲಿ ಅವಳೊಬ್ಬಳೇ. ಒಳಗೆ ಪಾಠ ನಡೆದಿತ್ತು.

"ಮಳೆ ಎಲ್ಲಿಂದ ಬರುತ್ತೆ ಮಕ್ಕಳೇ?"

"ಮೋಡ!" ಇಡೀ ತರಗತಿ ಕೂಗಿತು. ಟೀಚರ್ ಮುಂದಿನ ಪ್ರಶ್ನೆಗೆ ಹೋದರು, ಅದರ ಮುಂದಿನದಕ್ಕೂ ಹೋದರು. ಹೊರಗೆ ಗುಬ್ಬಿಯ ಕತ್ತು ಓರೆಯಾಯಿತು, ತುಟಿ ತೆರೆಯಿತು, ಮುಚ್ಚಿತು. "ಮೋ... ಡ." ಎದುರಿನ ಖಾಲಿ ಗೋಡೆಗೆ ಹೇಳಿ, ಅವಳು ತೃಪ್ತಿಯಿಂದ ಮತ್ತೆ ಕಿಟಕಿಗೆ ಕಿವಿಗೊಟ್ಟಳು. ಅವಳು ಅಳುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅವಳು ಶಾಲೆಯಲ್ಲೇ ಇದ್ದಳು.

ಅವನನ್ನು ಕಂಡು ಟೀಚರ್ ಹೊರಬಂದರು. ಮುಖ ಬಿಳುಚಿಕೊಂಡಿತ್ತು.

"ಒಳಗೆ ಜಾಗ ಇಲ್ವಾ ಟೀಚರ್?"

"ಜಾಗದ ಮಾತಲ್ಲ. ಇಷ್ಟು ಮಕ್ಕಳಿಗೆ ನಾನೊಬ್ಬಳೇ. ಓಡಾಡುವಾಗ ಯಾರಾದರೂ ಅವಳ ಮೇಲೆ ಬಿದ್ದರೆ? ನಮ್ಮ ಮಕ್ಕಳ ಪಾಠ ಹಿಂದೆ ಬೀಳುತ್ತೆ ಅಂತ ಬೇರೆ ತಾಯಂದಿರದ್ದೂ ತಕರಾರು. ನಿಮ್ಮ ಹೆಂಡತಿ ಒಳಗೆ ಕೂರಿಸಿ ಹೋಗ್ತಾರೆ, ಅವರು ಗೇಟು ದಾಟಿದ ಮೇಲೆ ನಾನು ಹೊರಗೆ ತರ್ತೀನಿ. ನನಗೂ ಸಂಕಟ ಆಗುತ್ತೆ. ನಾನೇನು ಕಲ್ಲು ಮನಸ್ಸಿನವಳಲ್ಲ."

'ಪರವಾಗಿಲ್ಲ ಬಿಡಿ' ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ.

"ನೀವು ಕೇಳಿದ್ದಕ್ಕೆ ಅವಳು ಉತ್ತರ ಹೇಳಿದಳು. ಮೋಡ ಅಂತ. ಅಷ್ಟರಲ್ಲಿ ನೀವು ಮುಂದೆ ಹೋಗಿಬಿಟ್ಟಿದ್ರಿ."

"ಅವಳಿಗೆ... ಇದೆಲ್ಲ ಅರ್ಥ ಆಗುತ್ತಾ?"

"ಒಂದು ಸಲವಾದರೂ ಅವಳನ್ನ ಕೇಳಿಲ್ವಾ?" ಅವನ ದನಿ ಅವನಿಗೇ ಗುರುತು ಸಿಗದಷ್ಟು ಏರಿತ್ತು.

ಪಕ್ಕದ ಕೋಣೆಯಿಂದ ಮುಖ್ಯ ಶಿಕ್ಷಕಿ ಬಂದರು. "ಏನ್ರೀ ಗಲಾಟೆ?"

"ಗಲಾಟೆ ಅಂತಲೇ ಅಂದ್ಕೊಳ್ಳಿ ಮೇಡಂ. ಸೇರಿಸಿಕೊಂಡು ಬಾಗಿಲಾಚೆ ಕೂರಿಸಿದರೆ ಅದು ಸೇರಿಸಿಕೊಂಡ ಹಾಗಾ?"

"ಮಗುವಿಗೆ ಪೆಟ್ಟಾದರೆ ಮೊದಲು ನಮ್ಮನ್ನ ಕೇಳೋರು ನೀವೇ."

"ಭಯ ನನಗೂ ಇದೆ. ಗೋಡೆ ಪಕ್ಕ, ಸಾಲಿನ ತುದೀಲಿ ಕೂರಿಸಿ. ಬಿದ್ದರೆ ಎಲ್ಲ ಮಕ್ಕಳು ಬೀಳೋ ಹಾಗೆ ಬೀಳ್ತಾಳೆ. ಅವಳು ಒಳಗೆ ಕೂರೋವರೆಗೂ ನಾನು ಕದಲೋದಿಲ್ಲ."

ಕೊನೆಗೆ ಟೀಚರೇ ಬಗ್ಗಿ ಕುರ್ಚಿಯ ಒಂದು ಬದಿ ಹಿಡಿದರು. ಅವನು ಇನ್ನೊಂದು ಬದಿ ಎತ್ತಿದ.

ಒಳಗೆ ಟೀಚರ್ ಗಂಟಲು ಸರಿಮಾಡಿಕೊಂಡರು. "ರಾತ್ರಿ ಮೇಲೆ ನೋಡಿದರೆ ಏನು ಕಾಣುತ್ತೆ? ಯಾರೂ ಕೂಗಬೇಡಿ. ಈಗ ಗುಬ್ಬಿ ಹೇಳ್ತಾಳೆ, ಕಾಯೋಣ."

ಕಾದರು. ಯಾರೋ ಕೆಮ್ಮಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳ ತುಟಿ ಗುಬ್ಬಿಯ ತುಟಿಯ ಜೊತೆಗೇ ಅಲುಗುತ್ತಿತ್ತು.

"ಬೆ... ಕ್ಕು."

ಮಕ್ಕಳೆಲ್ಲ ಗೊಳ್ಳೆಂದರು. ಅವನು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ. "ಆಕಾಶದಲ್ಲಾ?" ಎಂದರು ಟೀಚರ್. ಕತ್ತು ಮತ್ತೆ ಓರೆಯಾಯಿತು. ಮತ್ತೆ ಕಾಯಬೇಕಾಯಿತು.

"ಮಹ... ಡಿ ಮೇ... ಲೆ."

"ನಮ್ಮನೆ ಮಹಡಿ ಮೇಲೂ ಬರುತ್ತೆ ಮಿಸ್!" ಎಂದು ಹಿಂದಿನಿಂದ ಒಬ್ಬ ಎದ್ದು ನಿಂತ. ಆಮೇಲೆ ಎಲ್ಲರಿಗೂ ತಂತಮ್ಮ ಬೆಕ್ಕಿನ ಕಥೆ ಹೇಳಬೇಕಿತ್ತು. ಆ ಗದ್ದಲದಲ್ಲಿ ಅಪ್ಪ ಹೊರಟದ್ದು ಗುಬ್ಬಿಗೂ ತಿಳಿಯಲಿಲ್ಲ.

ಸಂಜೆ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಹೊರಗಿನ ಕುರ್ಚಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಗೋಡೆಯ ಕಡೆ ಹೊರಳಿದಳು. ಬೆನ್ನು ಅದುರುತ್ತಿತ್ತು. ಅವನು ಪಕ್ಕದಲ್ಲಿ ಕೂತೇ ಇದ್ದ.

"ಬೇರೆ ಮಕ್ಕಳ ಅಪ್ಪ ಅಮ್ಮಂದಿರನ್ನ ಮೇಡಂ ಶನಿವಾರ ಕರೆಸ್ತಾರಂತೆ," ಎಂದ. "ಅವರ ತಕರಾರಿನ ಬಗ್ಗೆ ನಾನು ಮಾತಾಡ್ತೀನಿ ಅಂದಿದ್ದೀನಿ."

ಅವಳು ಈ ಕಡೆ ತಿರುಗಿದಳು. "ನೀವಾ?"

"ನಾನೇ. ಆದರೆ ನನಗೆ ಏನೂ ಗೊತ್ತಿಲ್ಲ. ಮೊದಲಿಂದ ಹೇಳು."

ಅವಳು ಕಣ್ಣೊರೆಸಿಕೊಂಡು ದಿಂಬಿಗೆ ಒರಗಿ ಕೂತಳು, ಹೇಳತೊಡಗಿದಳು. ಹೇಳುವುದು ಬಹಳ ಇತ್ತು.