ಕ್ಲೂಜಿನಲ್ಲಿ ಒಂದು ಸೀಟು

ಜುಲೈ ಕೊನೆಯ ವಾರ. ಇಳಿಜಾರಿನಲ್ಲಿ ಕೊಯ್ದು ಹರವಿದ ಹುಲ್ಲು ಬಿಸಿಲಿಗೆ ಗರಿಗರಿಯಾಗಿತ್ತು. ಬೆಟ್ಟದಾಚೆ ಮೋಡ ಕಟ್ಟುತ್ತಿತ್ತು. ನಡುವೆ ಕಂಬ ನೆಟ್ಟು ಬಣವೆ ಒಟ್ಟುವ ಕೆಲಸ ಬೆಳಿಗ್ಗೆಯಿಂದ ನಡೆದಿತ್ತು. ಇಲಿಂಕಾ ಕವೆಗೋಲಿನಲ್ಲಿ ಹುಲ್ಲನ್ನು ಮೇಲಕ್ಕೆ ಎತ್ತಿ ಕೊಡುತ್ತಿದ್ದಳು. ನೆರೆಮನೆಯ ಡೊಮ್ನಿಕಾ ಬಣವೆಯ ಮೇಲೆ ನಿಂತು, ಕಂಬ ಹಿಡಿದು ಸುತ್ತುತ್ತಾ ತುಳಿಯುತ್ತಿದ್ದಳು. ಅವರ ಹುಲ್ಲಿಗೆ ಇವರು, ಇವರ ಹುಲ್ಲಿಗೆ ಅವರು ಕೈಹಾಕುವುದು ಹಿಂದಿನಿಂದ ಬಂದದ್ದು. ಈ ಸಲ ಮಾತ್ರ ಅವಳು ಬಾರದಿದ್ದರೇ ಚೆನ್ನಾಗಿತ್ತು ಎಂದು ಇಲಿಂಕಾಗೆ ಅನ್ನಿಸಿತ್ತು.

ಕಂಪ್ಯೂಟರ್ ಓದಲು ಇಬ್ಬರೂ ಕ್ಲೂಜ್ ನಗರದ ವಿಶ್ವವಿದ್ಯಾಲಯಕ್ಕೆ ಪರೀಕ್ಷೆ ಬರೆದಿದ್ದರು. ಚಳಿಗಾಲವಿಡೀ ಒಲೆಯ ಪಕ್ಕ ಕೂರಿಸಿಕೊಂಡು ಡೊಮ್ನಿಕಾಗೆ ಗಣಿತ ಹೇಳಿಕೊಟ್ಟವಳು ಇಲಿಂಕಾ. ಫೀಸಿಲ್ಲದ ಸೀಟುಗಳಲ್ಲಿ ಕೊನೆಯದು ಡೊಮ್ನಿಕಾಗೆ ಹೋಯಿತು. ಕಾಯುವವರಲ್ಲಿ ಮೊದಲ ಹೆಸರು ಇಲಿಂಕಾಳದು. ಫೀಸು ಕಟ್ಟಿ ಓದಿಸುವ ಶಕ್ತಿ ಮನೆಗಿರಲಿಲ್ಲ. ಡೊಮ್ನಿಕಾಗೆ ತಿಮಿಶ್ವಾರಾ ನಗರದಲ್ಲೂ ಅಂಥದೇ ಸೀಟು ಸಿಕ್ಕಿತ್ತು. ಶಾಲೆಯ ಮೂಲ ಸರ್ಟಿಫಿಕೇಟನ್ನು ಎಲ್ಲಿ ಕೊಟ್ಟರೆ ಅಲ್ಲಿನದು ಅವಳದು, ಇನ್ನೊಂದು ಖಾಲಿಯಾಗಿ ಕಾಯುವವರ ಪಾಲಿಗೆ. ನಾಳೆ ಮಧ್ಯಾಹ್ನಕ್ಕೆ ಗಡುವು. ಅವಳಿನ್ನೂ ತೀರ್ಮಾನಿಸಿರಲಿಲ್ಲ.

"ಟೀಚರಮ್ಮ, ಕೈ ನಿಂತೇಹೋಯ್ತಲ್ಲ," ಎಂದಳು ಡೊಮ್ನಿಕಾ ಮೇಲಿನಿಂದ.

"ನೀನು ಸರಿಯಾಗಿ ತುಳಿ. ಒಂದು ಕಡೆ ವಾಲ್ತಿದೆ."

"ವಾಲಿದ್ರೆ ನಿನ್ನ ಮೇಲೇ ಬೀಳ್ತೀನಿ ಬಿಡು."

ಉದುರಿದ ಹುಲ್ಲನ್ನು ಗುಡ್ಡೆ ಮಾಡುತ್ತಿದ್ದ ಇಲಿಂಕಾಳ ಅಜ್ಜಿ ಸಾವೆತಾ ತಲೆಯೆತ್ತಿದಳು. "ಯಾವೂರು ಅಂತ ಗೊತ್ತುಮಾಡ್ಕೊಂಡ್ಯೇನೇ?"

"ನಂಗೆ ಎರಡೂ ಒಂದೇ ಅಜ್ಜಿ. ತಿಮಿಶ್ವಾರಾದಲ್ಲಿ ಚಿಕ್ಕಮ್ಮ ಇದಾಳೆ. ಕ್ಲೂಜಲ್ಲಿ ಹುಡುಗರು ಚೆನ್ನಾಗಿದಾರಂತೆ."

"ಹಾಗಾದ್ರೆ ಅಲ್ಲಿ ನಂಗೂ ಒಂದು ಸೀಟು ನೋಡು," ಎಂದು ನಗುತ್ತಾ ಅಜ್ಜಿ ನೀರಿಗೆ ಹೊರಟಳು.

ಎರಡೂ ಒಂದೇ ಎಂಬ ಮಾತಿಗೆ ಇಲಿಂಕಾ ಕವೆಗೋಲನ್ನು ಹುಲ್ಲಿಗೆ ಜೋರಾಗಿ ಚುಚ್ಚಿದಳು. ತನ್ನ ನಿದ್ದೆ ಕೆಡಿಸಿದ ಊರು ಇವಳಿಗೆ ತಮಾಷೆ.

ಡೊಮ್ನಿಕಾ ಕಂಬಕ್ಕೆ ಒರಗಿದಳು. "ಫಲಿತಾಂಶ ಬಂದಾಗಿನಿಂದ ನನ್ನ ಮುಖ ನೋಡಿ ಮಾತಾಡಿಲ್ಲ ನೀನು. ಕ್ಲೂಜು ಬೇಕು ಅಂತ ಒಂದ್ಸಲ ಬಾಯಿಬಿಟ್ಟು ಹೇಳಬಾರ್ದಾ?"

"ನಿನ್ನ ಎಂಜಲು ನಂಗ್ಯಾಕೆ?"

"ಸರಿ ಹಾಗಾದ್ರೆ. ನಾನೇ ಹೋಗ್ತೀನಿ."

ಇಲಿಂಕಾ ಹುಲ್ಲು ಎತ್ತಿಕೊಟ್ಟಳು. ಮತ್ತೆ ಎತ್ತಿಕೊಟ್ಟಳು. ದೂರದಲ್ಲಿ ಗುಡುಗಿತು.

"ಬೇಕು," ಎಂದಳು, ಕವೆಗೋಲಿನ ತುದಿ ನೋಡುತ್ತಾ.

"ಏನಂದೆ?"

"ಬೇಕು ಕಣೇ. ಕಿವುಡೀನಾ ನೀನು?"

ಡೊಮ್ನಿಕಾ ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿ, ಸಂಜೆಯ ರೈಲಿಗೆ ತಿಮಿಶ್ವಾರಾಕ್ಕೆ ಹೊರಡೋಣ ಎಂದಳು. ಫೋನನ್ನು ಜೇಬಿಗೆ ತುರುಕಿ ಕೆಳಗೆ ನೋಡಿದಳು.

"ಚಳಿಗಾಲದ ಋಣ ಇಲ್ಲಿಗೆ ತೀರ್ತು. ಹುಲ್ಲು ಕೊಡು, ಮಳೆ ಬರುತ್ತೆ."

ಬೇಕಾದದ್ದು ಕೈಸೇರಿತ್ತು. ಆದರೆ ಇಷ್ಟು ದಿನ ಇಲಿಂಕಾಳನ್ನು ನೆಟ್ಟಗೆ ನಿಲ್ಲಿಸಿದ್ದು, ಅವಳು ನನ್ನ ಋಣದಲ್ಲಿದ್ದಾಳೆ ಎಂಬುದೊಂದೇ. ಈಗ ಅದೂ ಹೋಯಿತು. ಮೇಲೆ ಡೊಮ್ನಿಕಾ ಏನನ್ನೋ ಗುನುಗುತ್ತಾ ತುಳಿಯುತ್ತಿದ್ದಳು. ಇಲಿಂಕಾ ಮುಂದಿನ ಹೊರೆಯನ್ನು, ಅವಳು ಹಿಡಿಯಲು ಒದ್ದಾಡಲಿ ಎಂದೇ, ಎರಡರಷ್ಟು ತುಂಬಿಸಿ ಎತ್ತಿದಳು.