ಕುಂಕುಮ ನುಂಗಿದ ಗಾಜು

ನನ್ನ ಮೈದುನ ಭೀಮರಾಯನಿಗೆ ಕ್ಯಾಮೆರಾ ಹುಚ್ಚು. ಭಾಂಡುಪ್‌ನ ಕಾರ್ಖಾನೆಯಲ್ಲಿ ದುಡಿದು ಬಂದವನು ಉಂಡು ಮಲಗಬೇಕೋ ಬೇಡವೋ? ಇಲ್ಲ, ಚೆಂಬೂರಿನ ನಮ್ಮ ಚಾಳಿನ ಗಚ್ಚಿ ಹತ್ತಿ ಮೋಡಗಳ ಫೋಟೋ ತೆಗೆಯುತ್ತ ನಿಲ್ಲುತ್ತಿದ್ದ.

ಅರವತ್ತೊಂಬತ್ತನೇ ಇಸವಿಯಲ್ಲಿ ನನ್ನ ಗಂಡ ಅಣವೀರಪ್ಪ ಪುಪ್ಪುಸದ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದರು. ಮಾಡಿಸದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಇವರೋ ಹೆದರಿ ಹಣ್ಣಾಗಿದ್ದರು. ನಾನು ಬೈದು, ಅತ್ತು, ಹೇಗೋ ಒಪ್ಪಿಸಿದ್ದೆ. ಆಪರೇಷನ್ ಆದಮೇಲೆ ಕೆಲವು ದಿನ ಹೆಂಡತಿಯನ್ನೂ ಒಳಗೆ ಬಿಡುವುದಿಲ್ಲವಂತೆ. ಅದಕ್ಕೆ ನನ್ನದೊಂದು ಫೋಟೋ ಬೇಕೆಂದರು.

ಭೀಮರಾಯ ನನ್ನನ್ನು ಗಚ್ಚಿಗೆ ಕರೆದೊಯ್ದ.

"ಬಿಸಿಲಿಗೆ ಮಾರಿ ಮಾಡಬ್ಯಾಡ್ರಿ ವೈನಿ, ಕಣ್ಣು ಸಣ್ಣ ಆಗ್ತಾವು. ಒಂದೀಟು ಓರೆ ನಿಂದರ್ರಿ."

ಆಮೇಲೆ ಲೆನ್ಸಿನ ಮುಂದೆ ಕೆಂಪು ಗಾಜೊಂದನ್ನು ಸಿಕ್ಕಿಸಿದ.

"ಇದೇನೋ?"

"ಫಿಲ್ಟರ್ ರೀ. ಕಪ್ಪು-ಬಿಳಿ ಫೋಟೋದಾಗ ಆಕಾಶ ಕರ್ರಗಾಗಿ ಮೋಡ ಎದ್ದು ಕಾಣ್ತಾವು."

"ನಿಮ್ಮಣ್ಣಗ ಬೇಕಾಗಿದ್ದು ನಾನೋ, ಮೋಡನೋ?"

ಖೋಡಿ, ನಗುತ್ತಲೇ ಫೋಟೋ ತೆಗೆದ.

ಆಪರೇಷನ್ನಿನ ಹಿಂದಿನ ದಿನ ಸ್ಟುಡಿಯೋದಿಂದ ಫೋಟೋ ತಂದವನು ನೇರ ಸ್ಟೇಷನ್ನಿಗೇ ಬಂದ. ಆಸ್ಪತ್ರೆಗೆ ಹೋಗಲು ಹಿಡಿಯಬೇಕಿದ್ದ ಲೋಕಲ್ ರೈಲು ಬಂದೇಬಿಟ್ಟಿತ್ತು, ಲಕೋಟೆ ಬಿಚ್ಚಿ ನೋಡಲು ಪುರಸೊತ್ತೆಲ್ಲಿ? ಅತ್ತೆ ರುದ್ರವ್ವನನ್ನು ಹತ್ತಿಸುವುದರಲ್ಲೇ ನನ್ನ ಜೀವ ಹೋಗಿತ್ತು.

ವಾರ್ಡಿನಲ್ಲಿ ಭೀಮರಾಯ ಹಿಗ್ಗಿನಿಂದ ಫೋಟೋ ಕೈಗಿತ್ತ. "ಅಣ್ಣಾ, ಮೋಡ ನೋಡು, ಹೆಂಗ ಬಂದಾವ!"

ಇವರು ಮೋಡ ನೋಡಲಿಲ್ಲ. ಮುಖ ಬಿಳಿಚಿಕೊಂಡಿತು. ಬಗ್ಗಿ ನೋಡಿದೆ. ನನ್ನ ಹಣೆ ಬೋಳಾಗಿತ್ತು. ಕಾಸಿನಗಲದ ಕುಂಕುಮ ಇದ್ದ ಗುರುತೇ ಇಲ್ಲ. ತಾಳಿಯೂ ಸೆರಗಿನೊಳಗೆ.

"ಅಯ್ಯೋ ಶಿವನೇ! ಮುತ್ತೈದಿ ಹಣಿ ಹಿಂಗ್ಯಾಕಾತು?" ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. "ಅಣವೀರಾ, ಈ ಆಪರೇಷನ್ ಬ್ಯಾಡಪ್ಪಾ. ಮನೀಗೆ ನಡಿ."

"ನಾ ಒಲ್ಲೆ. ಡಾಕ್ಟರಿಗೆ ಹೇಳಿಬಿಡು," ಎಂದರು ಇವರು, ಗೋಡೆಯ ಕಡೆ ತಿರುಗಿ.

ಭೀಮರಾಯ ತೊದಲಿದ. "ಅದು ಗಾಜಿನ ತಪ್ಪು ಅಣ್ಣಾ... ಕೆಂಪು ಗಾಜು ಹಾಕಿದ್ರ ಫೋಟೋದಾಗ ಕೆಂಪು ಬಣ್ಣ ಬೆಳ್ಳಗ ಬರ್ತೈತಿ... ನನಗ ಲಕ್ಷ್ಯಕ್ಕ ಬರಲಿಲ್ಲ..."

ಯಾರು ಕೇಳುತ್ತಾರೆ? ನನಗೆ ನಖಶಿಖಾಂತ ಉರಿಯಿತು. ಅವನ ಚೀಲಕ್ಕೆ ಕೈಹಾಕಿ ಗಾಜು ತೆಗೆದು, ಇವರ ಭುಜ ಹಿಡಿದು ತಿರುಗಿಸಿ, ಕಣ್ಣಿಗೇ ಹಿಡಿದೆ.

"ನೋಡ್ರಿ ನನ್ನ! ಕುಂಕುಮ ಕಾಣ್ತೈತೇನು?"

"...ಇಲ್ಲ."

ಗಾಜು ಸರಿಸಿದೆ. "ಈಗ?"

 ಇವರು ಗಾಜನ್ನು ತಾವೇ ಇಸಿದುಕೊಂಡು ಕಣ್ಣಿಗೆ ಹಿಡಿದರು, ತೆಗೆದರು, ಮತ್ತೆ ಹಿಡಿದರು. ಎಷ್ಟೋ ಹೊತ್ತು ನನ್ನ ಹಣೆಯನ್ನೇ ನೋಡಿದರು. ಮದುವೆಯಾದಾಗಿನಿಂದ ಹಾಗೆ ನೋಡಿದ್ದಿಲ್ಲ.

"ಗಾಜಿರ್ಲಿ ಬಿಡ್ಲಿ, ಅಪಶಕುನ ಅಪಶಕುನನೇ," ಎಂದರು ಅತ್ತೆ.

"ಅವ್ವಾ, ಸುಮ್ನಿರು." ಇವರು ಮೆಲ್ಲಗೆ ಎದ್ದು ಕೂತರು. "ಭೀಮ್ಯಾ, ಕ್ಯಾಮೆರಾ ತೆಗಿ. ನಮ್ಮಿಬ್ಬರದು ಒಂದೂ ಫೋಟೋ ಇಲ್ಲ. ನನಗ ಅಂಜಿಕಿ ಐತಿ, ಸುಳ್ಳ್ಯಾಕ ಹೇಳ್ಲಿ? ಒಂದಾದ್ರೂ ಇರ್ಲಿ."

 ಮಂಚದ ಮೇಲೆ ಇವರ ಪಕ್ಕಕ್ಕೆ ಕೂತೆ. ಭೀಮರಾಯ ಈ ಸಲ ಗಾಜಿಲ್ಲದೆ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟ.

"ಬೆಳಕು ಕಮ್ಮಿ ಐತಿ. ಉಸಿರು ಹಿಡೀರಿ, ಅಲುಗಾಡಬ್ಯಾಡ್ರಿ."

ಇವರು ಉಸಿರು ಹಿಡಿದರು. ಕೆಮ್ಮು ಬರದಂತೆ ತುಟಿ ಕಚ್ಚಿ, ಕಲ್ಲಿನಂತೆ ಕೂತರು. ತಡೆಯಲಾಗದೆ ಅಲುಗಾಡಿದವಳು ನಾನೇ. ಗೊಳೋ ಎಂದು ಅತ್ತುಬಿಟ್ಟೆ.

"ಛೇ, ಫೋಟೋ ಕೆಟ್ಟು ಹೋತು ವೈನಿ," ಎಂದ ಭೀಮರಾಯ. "ರೀಲೂ ಮುಗೀತು."

"ಇರ್ಲಿ ಬಿಡೋ," ಎಂದು ಇವರು ನನ್ನ ಕೈ ಹಿಡಿದುಕೊಂಡರು. "ಆಪರೇಷನ್ ಮುಗಿಸಿ ನಾ ಮನೀಗೆ ಬಂದ ಮ್ಯಾಲೆ ಇನ್ನೊಂದು ತೆಗೀವಂತಿ."