ಜೋಡಿ ಬದಲಾಗುವ ದಿನ

ಬೆಳಿಗ್ಗೆ ಚಾದರ ಹಿಂಡುತ್ತಿದ್ದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಉದ್ದಣ್ಣನ ಕೈಯಲ್ಲಿ. ಅಷ್ಟರಲ್ಲಿ ಮಗಳು ಹಿಂದಿನಿಂದ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. ಕೈ ಜಾರಿ ಚಾದರ ನೆಲಕ್ಕೆ ಬಿತ್ತು.

"ಹೋಯ್ತು ಆಂಟಿ, ಮತ್ತೆ ಮೊದ್ಲಿಂದ," ಎಂದು ಉದ್ದಣ್ಣ ನಕ್ಕ.

ಉದ್ದಣ್ಣ ಎಂಬುದು ಮಗಳು ಅವನಿಗೆ ಇಟ್ಟ ಹೆಸರು. ಸೇವೆಗೆಂದು ಪರದೇಶಕ್ಕೆ ಬಂದ, ಇಪ್ಪತ್ತರ ಆಸುಪಾಸಿನ ಇಂಥ ಹುಡುಗ ಹುಡುಗಿಯರನ್ನು ನೋಡಿಕೊಳ್ಳಲು ನಮ್ಮ ಚರ್ಚು ನನ್ನನ್ನೂ ನಮ್ಮವರನ್ನೂ ಇಲ್ಲಿಗೆ ಕಳಿಸಿದೆ. ಅವರ ಊಟ, ಜ್ವರ, ಮನೆ ನೆನಪಾಗಿ ಬರುವ ಅಳು ನನ್ನ ಪಾಲಿಗೆ. ಯಾರು ಯಾರ ಜೊತೆ ಎಂದು ಗೊತ್ತುಮಾಡುವುದು ನಮ್ಮವರ ಪಾಲಿಗೆ. ಈ ಸೇವೆಯಲ್ಲಿ ಒಂಟಿಯಾಗಿ ಓಡಾಡುವಂತಿಲ್ಲ. ಇಬ್ಬಿಬ್ಬರದು ಒಂದು ಜೋಡಿ. ಪ್ರಾರ್ಥನೆಗೆ ಹೋಗಲಿ, ತರಕಾರಿ ತರಲಿ, ಒಬ್ಬರು ಇನ್ನೊಬ್ಬರ ಕಣ್ಣಳತೆಯಲ್ಲೇ ಇರಬೇಕು. ಹಾಗಿದ್ದು ಒಬ್ಬರಿಗೊಬ್ಬರು ಒಗ್ಗಿದರು ಅನ್ನುವಷ್ಟರಲ್ಲಿ ಜೋಡಿ ಬದಲಾಗುತ್ತದೆ. ಇವತ್ತೂ ಅಂಥದೇ ದಿನ. ಉದ್ದಣ್ಣನ ಪೆಟ್ಟಿಗೆ ಬಾಗಿಲ ಬಳಿ ಇತ್ತು.

ಕಳೆದ ಸಲ ಜೋಡಿ ಬದಲಾದಾಗಿನಿಂದ ಮಗಳು ನನ್ನ ನೆರಳಾಗಿದ್ದಾಳೆ. ಸ್ನಾನಕ್ಕೆ ಹೋದರೆ ಬಾಗಿಲಾಚೆ ಕೂರುತ್ತಾಳೆ.

"ಅಮ್ಮ, ಒಳಗೇ ಇದೀಯಾ?"

"ಇನ್ನೆಲ್ಲಿಗೆ ಹೋಗ್ಲಿ ಮಾರಾಯ್ತಿ, ನೀರಿನ ಪೈಪಲ್ಲಿ ಇಳಿದು ಹೋಗ್ಲಾ?"

ಅವಳಿಗೆ ನಗು ಬರಲಿಲ್ಲ. ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಮಗು ಗಟ್ಟಿಮುಟ್ಟಾಗಿದೆ ಎಂದರು. ಶಾಲೆಯಲ್ಲಿ ಗೇಟನ್ನೇ ನೋಡುತ್ತಾ ಕೂತಿರುತ್ತಾಳಂತೆ. ಮನೆಯಲ್ಲಾದರೆ ಹಠವೆಂಬುದೇ ಇಲ್ಲ. ತಲೆ ಬಾಚುವಾಗ ರಂಪ ಮಾಡುತ್ತಿದ್ದವಳು ಈಗ ಸಿಕ್ಕು ಎಳೆದರೂ ಹಲ್ಲು ಕಚ್ಚಿಕೊಂಡು ಕೂರುತ್ತಾಳೆ. ಇಷ್ಟು ಒಳ್ಳೆಯ ಮಗು ನನ್ನದೇನಾ ಎಂದು ನನಗೇ ದಿಗಿಲು.

ಇದು ಊರಿನ ಹಂಬಲವೇ ಇರಬೇಕು ಎಂದು ನಮ್ಮವರ ಲೆಕ್ಕ. ಹಾಗಿದ್ದರೆ ಒಪ್ಪಿಕೊಂಡ ಸೇವೆಯನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಬೇಕು.

"ಇರ್ತೀವೋ ಹೋಗ್ತೀವೋ, ಇವತ್ತು ಚರ್ಚಿನೋರಿಗೆ ಹೇಳ್ಬೇಕು ಕಣೇ," ಎಂದು ತಿಂಡಿಯ ಹೊತ್ತಿಗೆ ಹೇಳಿದ್ದರು. "ನೀನೇ ಕೇಳಿ ನೋಡು."

ಚಾದರವನ್ನು ಬಕೆಟ್ಟಿಗೆ ಹಾಕಿ, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ.

"ನಾವು ಊರಿಗೆ ಹೋಗ್ಬಿಡೋಣ್ವಾ ಬಂಗಾರ?"

ಅವಳ ತುಟಿ ನಡುಗಿತು. "ಯಾರ್ಯಾರು?"

"ಎಲ್ಲಾರೂ. ಬೇಡ್ವಾ? ಸರಿ, ಇಲ್ಲೇ ಇರೋಣ."

"ಇಲ್ಲಿ ಯಾರ್ಯಾರು?" ಎನ್ನುತ್ತಾ ಅಳಲು ಶುರುಮಾಡಿದಳು.

ಹೋಗೋಣವೆಂದರೂ ಅಳು, ಇರೋಣವೆಂದರೂ ಅಳು. ನಾನು ಯಾವ ಕಡೆ ಹೊರಳಲಿ? ಬೆನ್ನು ಸವರುತ್ತಾ ಕೂತೆ. ಬಾಗಿಲಲ್ಲಿ ನಮ್ಮವರು ಉದ್ದಣ್ಣನನ್ನೂ ಅವನ ಹಳೆಯ ಜೊತೆಗಾರನನ್ನೂ ಬೀಳ್ಕೊಡುತ್ತಿದ್ದರು. ಆ ಜೊತೆಗಾರ ಕಣ್ಣೊರೆಸಿಕೊಂಡ.

"ಮೊದ್ಲು ಹಾವು ಮುಂಗುಸಿ ಥರ ಇದ್ರಿ, ಈಗ ಅಳ್ತೀರಾ?" ಎಂದು ನಮ್ಮವರು ಇಬ್ಬರ ಬೆನ್ನನ್ನೂ ತಟ್ಟಿದರು. "ಜಗಳ ಆಡೋರನ್ನೂ ಬದ್ಲಾಯಿಸ್ಬೇಕು, ಹೊಂದ್ಕೊಂಡೋರನ್ನೂ ಬದ್ಲಾಯಿಸ್ಬೇಕು. ಪದ್ಧತಿ ಕಣ್ರಪ್ಪ."

ಮಗಳ ಮೈ ನನ್ನ ತೋಳಿನೊಳಗೆ ಸೆಟೆದುಕೊಂಡಿತು. ಅಪ್ಪನನ್ನೇ ನೋಡುತ್ತಿದ್ದಳು, ಮೇಷ್ಟರನ್ನು ನೋಡುವ ಹಾಗೆ.

"ಏನಾಯ್ತು ಪುಟ್ಟಾ? ನಾನು ಬೈಯಲ್ಲ. ಹೇಳು."

ಅವಳು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು.

"ಅಮ್ಮ, ನಮ್ಮ ಜೋಡಿ ಬದ್ಲಾದಾಗ ಅಪ್ಪ ನಂಗೆ ಯಾವ ಅಮ್ಮನ್ನ ಕೊಡ್ತಾರೆ?"